ಖಂಡೆಪ್ಪನ ಗಾಡಿಯ ಉಸಿರು

ಖಂಡೆಪ್ಪನ ಗಾಡಿ ಸಪ್ಪಳ ಮಾಡುತ್ತಿರಲಿಲ್ಲ. ತೊಂದರೆ ಹುಟ್ಟಿದ್ದೇ ಅಲ್ಲಿಂದ.

ಮಹಾರಾಷ್ಟ್ರದ ಗಡಿಯಲ್ಲಿ, ಮುರುಮ ಪೇಟೆಯ ಆಸುಪಾಸಿನ ಆ ಊರಿನಲ್ಲಿ ಗಾಡಿ ಎಂದರೆ ಸಪ್ಪಳ. ಜೀಪು ಬಂದರೆ ಕೋಳಿ ಹಾರಬೇಕು, ಟ್ರ್ಯಾಕ್ಟರ್ ಬಂದರೆ ಗೋಡೆಯ ಮಣ್ಣು ಉದುರಬೇಕು, ಕಬ್ಬಿನ ಲಾರಿ ಬಂದರೆ ತೊಟ್ಟಿಲ ಕೂಸು ಏಳಬೇಕು. ಖಂಡೆಪ್ಪನ ಬಿಳಿ ಕಾರು ಮಾತ್ರ ಬೆಕ್ಕಿನ ಹಾಗೆ ಬರುತ್ತಿತ್ತು. ಬೆನ್ನ ಹಿಂದೆ ಬಂದು ನಿಂತ ಮೇಲೇ ಗೊತ್ತಾಗುತ್ತಿತ್ತು. ಊರ ನಾಯಿಗಳೂ ಅದಕ್ಕೆ ಬೊಗಳುತ್ತಿರಲಿಲ್ಲ. ಎದ್ದು ನಿಂತು, ಕಿವಿ ಹಿಂದಕ್ಕೆ ಮಾಡಿ, ಸುಮ್ಮನೆ ನೋಡುತ್ತಿದ್ದವು. ನಾಯಿ ಬೊಗಳಿದರೆ ಕಲ್ಲು ಹೊಡೆಯಬಹುದು. ಬೊಗಳದೆ ನೋಡುವ ನಾಯಿಗೆ ಏನು ಮಾಡುವುದು?

ಅದು ಹೈಬ್ರಿಡ್ ಗಾಡಿ. ಸ್ವಲ್ಪ ದೂರ ಪೆಟ್ರೋಲಿನ ಮೇಲೆ, ಸ್ವಲ್ಪ ದೂರ ಬ್ಯಾಟರಿಯ ಮೇಲೆ ಓಡುವಂಥದು. ಹೈದರಾಬಾದಿನಲ್ಲಿ ಯಾರೋ ಸಾಹುಕಾರರ ಕೈಯಲ್ಲಿ, ಆಮೇಲೆ ಬಾಡಿಗೆಯವರ ಕೈಯಲ್ಲಿ, ಆಮೇಲೆ ಇನ್ನಾರದೋ ಕೈಯಲ್ಲಿ ಓಡಿ ಓಡಿ, ಕೊನೆಗೆ ಉಮರ್ಗಾದ ಹಳೆ ಗಾಡಿಗಳ ದಲಾಲನ ಅಂಗಳಕ್ಕೆ ಬಂದು ಬಿದ್ದಿತ್ತು. ಎಷ್ಟು ಓಡಿದೆ ಎಂದು ಕೇಳಿದರೆ ದಲಾಲ ಆಕಾಶ ನೋಡುತ್ತಿದ್ದ. ಊರಿನವರಿಗೆ ಹೈಬ್ರಿಡ್ ಎಂದರೆ ಜೋಳ. "ಹಾಯಬ್ರೀಡ ಜ್ವಾಳದ ರೊಟ್ಟಿ ತಿಂದ್ರ ಹೊಟ್ಟಿಯಾದ್ರೂ ಗುಡುಗುಡು ಅಂತದ. ಇದು ಅದೂ ಅನ್ನಂಗಿಲ್ಲಲ್ಲೋ" ಎಂದು ದೂರ ಸರಿಯುತ್ತಿದ್ದರು.

ಖಂಡೆಪ್ಪ ತನ್ನ ಪಾಲಿನ ಕುರಿಗಳನ್ನೆಲ್ಲ ಕೊಟ್ಟು ಆ ಗಾಡಿ ತಂದಿದ್ದ. ಮೀಸೆ ಮೂಡುವ ಮೊದಲಿನಿಂದಲೂ ಅಣ್ಣ ಶಿವಾಜಿಯ ಹಿಂದೆ, ಕುರಿಯ ಹಿಂದೆ, ಬಿಸಿಲಲ್ಲಿ ನಡೆದು ನಡೆದು ಕಾಲು ಬಿದಿರಾಗಿದ್ದವು. ಇನ್ನು ಮೇಲೆ ಕೂತು ದುಡಿಯಬೇಕು ಎಂಬುದು ಅವನ ಒಂದೇ ಆಸೆ. ಆದರೆ ಗಾಡಿ ಬಂದು ಹುಣ್ಣಿಮೆ ಹೋಗಿ ಅಮಾಸೆ ಬಂದರೂ ಒಬ್ಬ ಗಿರಾಕಿಯೂ ಹತ್ತಿರಲಿಲ್ಲ. ಇವತ್ತು ಮೊದಲ ಗಿರಾಕಿ. ಪಕ್ಕದ ಮನೆಯ ಮಾಣಿಕಪ್ಪ. ಹೊಲಮನೆ ಇದ್ದವನು, ಹಣೆ ತುಂಬ ವಿಭೂತಿ, ಊರಿಗೆ ಹಿರಿಯ. ಅವನ ಹೆಂಡತಿ ಪ್ರಯಾಗಬಾಯಿಗೆ ಉದಗೀರದಲ್ಲಿ ಕಣ್ಣಿನ ಆಪರೇಶನ್ ಆಗಿತ್ತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮೊದಲೇ ಮಂಜು. ಪಟ್ಟಿ ಬಿಚ್ಚಿಸಲು ಕರೆದೊಯ್ಯಬೇಕು. ಮಾಣಿಕಪ್ಪ ಹತ್ತಿದರೆ ಊರೇ ಹತ್ತುತ್ತದೆ. ಮಾಣಿಕಪ್ಪ ಬಸ್ಸಿಗೆ ಹೋದರೆ ಖಂಡೆಪ್ಪ ಮತ್ತೆ ಅಣ್ಣನ ಕುರಿಯ ಹಿಂದೆ. ಅದೂ ಈ ಸಲ ಪಾಲುದಾರನಾಗಿ ಅಲ್ಲ, ಆಳಾಗಿ.

ಹಿಂದಿನ ಸಂಜೆ ಖಂಡೆಪ್ಪ ಗಾಡಿಯನ್ನು ಅಂಗಳಕ್ಕೆ ತಂದು, ಒರೆಸಿ, ಬಾಗಿಲು ಹಾಕಿ, ಉಂಡು ಮಲಗಿದ್ದ. ಬಂದ್ ಮಾಡುವುದನ್ನು ಮಾತ್ರ ಮರೆತಿದ್ದ. ಸಪ್ಪಳವೇ ಇಲ್ಲದ್ದನ್ನು ಬಂದ್ ಮಾಡಬೇಕೆಂದು ಯಾರಿಗೆ ನೆನಪಾಗಬೇಕು? ಕಣ್ಣು ಮುಚ್ಚಿಕೊಂಡು ಎಚ್ಚರವಿರುವ ಮುದುಕನ ಹಾಗೆ ಗಾಡಿ ಬೆಳಗಿನವರೆಗೂ ನಿಂತೇ ಇತ್ತು.

ಬೂದು ಬೆಳಕು ಮೂಡುವಾಗ ಎದುರು ಮನೆಯ ಗುರುಬಾಯಿ ಸೆಗಣಿ ಆರಿಸುತ್ತ ಗಾಡಿಯ ಹಿಂದೆ ಬಂದಳು. ಗುರುಬಾಯಿ ಊರಿಗೆಲ್ಲ ಆಯಿ. ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದು ಆಕೆಗೆ ಒಲೆ ಹೊತ್ತುವ ಮೊದಲೇ ಗೊತ್ತು. ಆಕೆ ಬಗ್ಗಿದಾಗ ಮೊದಲು ಒಂದು ಉಸಿರು ಕೇಳಿಸಿತು. ಸಣ್ಣಗೆ, ಉದ್ದಕ್ಕೆ, ಕಿವಿಯ ಹತ್ತಿರವೇ. ಎದ್ದು ಸುತ್ತ ನೋಡಿದಳು. ಯಾರೂ ಇಲ್ಲ. ಗಾಜಿನೊಳಗೆ ಇಣುಕಿದಳು. ಸೀಟು ಖಾಲಿ. ಆಗ ಆ ಖಾಲಿ ಗಾಡಿ ಒಮ್ಮೆ ಮೈ ನಡುಗಿಸಿ, ಗುರ್ ಎಂದು ತಾನಾಗಿಯೇ ಎದ್ದಿತು.

ಸೆಗಣಿ ಬುಟ್ಟಿ ಮೇಲಕ್ಕೆ ಹಾರಿ ಗುರುಬಾಯಿಯ ತಲೆಯ ಮೇಲೇ ಬೋರಲಾಯಿತು.

"ಯಪ್ಪಾ ಬೀರಪ್ಪಾ! ಗಾಡಿಯಾಗ ಯಾರೋ ಎದ್ದಾರ! ಖಂಡ್ಯಾ, ಏ ಖಂಡ್ಯಾ!"

ಖಂಡೆಪ್ಪ ಹಲ್ಲುಪುಡಿಯ ಬಾಯಲ್ಲೇ ಓಡಿ ಬಂದ. ಅವನ ಹಿಂದೆ ಹೆಂಡತಿ ತುಳಜಾಬಾಯಿ, ಅವಳ ಹಿಂದೆ ಅರ್ಧ ಓಣಿ. ಅವನು ಗುಂಡಿ ಒತ್ತಿದ, ಗಾಡಿ ಮೌನವಾಯಿತು. ಆ ಮೌನ ಸಪ್ಪಳಕ್ಕಿಂತ ಕೆಟ್ಟದಾಗಿತ್ತು. ಉದಗೀರದಲ್ಲಿ ಇಂಥ ಗಾಡಿ ಬಲ್ಲ ಮೆಕ್ಯಾನಿಕ್ ರವಿಕಾಂತ ಒಬ್ಬನೇ. ದಲಾಲ ಅವನ ನಂಬರು ಕೊಟ್ಟಿದ್ದ. ಖಂಡೆಪ್ಪ ಫೋನು ಹಚ್ಚಿದ. ಅವನ ಫೋನು ಸ್ಪೀಕರ್ ಹಾಕಿದರೆ ಮಾತ್ರ ಕೇಳುತ್ತಿತ್ತು. ಹೀಗಾಗಿ ಅವನ ಗುಟ್ಟೆಲ್ಲ ಊರ ಗುಟ್ಟು.

"ರವಿಕಾಂತರ, ಗಾಡಿ ಉಸರ ಬಿಡ್ಲಿಕತ್ತದರೀ. ತಾನೇ ಚಾಲೂನೂ ಆಯ್ತು."

"ಬಂದ್ ಮಾಡೂದು ಮರ್ತೀರಿ ನೀವು. ಅದಿರ್ಲಿ, ಹಿಂದಿನ ಸೀಟಿನ ಎಡಗಡಿ ನೋಡ್ರಿ. ಅಲ್ಲಿ ಗಾಳಿ ಅದ."

ಅಂಗಳ ತಣ್ಣಗಾಯಿತು.

"ಏನ ಅದ ಅಂದ್ರಿ?"

"ಗಾಳಿ, ಗಾಳಿ! ಅಲ್ಲಿಂದ ಒಳಗ ಹೋಗ್ತದ. ಅದರ ದಾರಿ ಕಟ್ಟಬ್ಯಾಡ್ರಿ. ಕಟ್ಟಿದ್ರ ಸುಮ್ಮ ಬಿಡಂಗಿಲ್ಲ, ಗಾಡಿನೇ ಸುಟ್ಟು ಹೋಗ್ತದ!"

ಆ ಸೀಮೆಯಲ್ಲಿ ಗಾಳಿ ಎರಡು ಥರ. ಒಂದು ಬೀಸುವುದು, ಇನ್ನೊಂದು ಬಡಿಯುವುದು. ಬೀಸುವ ಗಾಳಿಗೆ ಯಾರೂ ಫೋನಿನಲ್ಲಿ ಎಚ್ಚರಿಕೆ ಹೇಳುವುದಿಲ್ಲ. ಬಡಿಯುವ ಗಾಳಿ ಬಡಿದರೆ ಗಟ್ಟಿಮುಟ್ಟಾದ ಆಳೂ ಮೂರು ಸಂಜೆಯಲ್ಲಿ ಗೋಡೆ ನೋಡಿ ನಗಲು ಶುರುಮಾಡುತ್ತಾನೆ. ಗುರುಬಾಯಿ ತಲೆಯ ಸೆಗಣಿ ಒರೆಸಿಕೊಳ್ಳುತ್ತ ಫೋನನ್ನು ಕಸಿದಳು.

"ಏ ತಮ್ಮಾ, ಅದು ಗಂಡ ಗಾಳಿನೋ ಹೆಣ್ಣ ಗಾಳಿನೋ?"

ಆ ಕಡೆ ಯಾರೋ ಕಬ್ಬಿಣ ಬಡಿಯುತ್ತಿದ್ದರು. ರವಿಕಾಂತ ಒದರಿದ: "ಥಂಡ! ಥಂಡ ಗಾಳಿರೀ! ಬ್ಯಾರೇದು ಅದಕ ಆಗಿ ಬರಂಗಿಲ್ಲ!"

"ಕೇಳಿದ್ರಿಲ್ಲ?" ಗುರುಬಾಯಿ ಅಂಗಳಕ್ಕೆಲ್ಲ ತೀರ್ಪು ಕೊಟ್ಟಳು. "ಗಂಡ ಗಾಳಿ. ಬ್ಯಾರೇದು ಆಗಿ ಬರಂಗಿಲ್ಲಂತ. ಹಂಗ ಅಂದ್ರ ಹೆಣ್ಮಕ್ಕಳ ಬಗಲಾಗೇ ಬಂದು ಕುಂದ್ರತದ."

"ಭಾಳ ಓಡಿದ ಗಾಡಿರೀ ಅದು," ಫೋನು ಇನ್ನೂ ಕೂಗುತ್ತಿತ್ತು. "ಕೆಟ್ಟ ಮ್ಯಾಲ ತರಬ್ಯಾಡ್ರಿ, ಕೆಡೂದಕ ಮೊದಲ ತರ್ರಿ! ಇವತ್ತೇ ಬರ್ರಿ!"

ಅಷ್ಟರಲ್ಲಿ ಮಾಣಿಕಪ್ಪ ಹೆಂಡತಿಯ ಕೈ ಹಿಡಿದುಕೊಂಡು ಬಂದಿದ್ದ. "ಕೆಡಲಾರದ ಗಾಡಿ ಯಾವ ಶಾಣ್ಯಾ ರಿಪೇರಿ ಮಾಡಸ್ತಾನ?" ಎಂದ.

"ಯಾಕ, ಕೂಸಿಗಿ ಜ್ವರ ಬರೂದಕ ಮೊದಲ ದೃಷ್ಟಿ ತೆಗೀತೀವಿಲ್ಲ?" ಎಂದಳು ಗುರುಬಾಯಿ. "ಬರೂದಕ ಮೊದಲ ಬಂದೋಬಸ್ತ್ ಮಾಡಬೇಕು. ತುಳಜಾ, ಭಂಡಾರ ತಾ!"

ಬಂದೋಬಸ್ತು ಶುರುವಾಯಿತು. ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು ಬಂದವು. ಬೀರಪ್ಪನ ಗುಡಿಯ ಭಂಡಾರ, ಅದೇ ಅರಿಶಿನಪುಡಿ, ಹಿಡಿ ಹಿಡಿಯಾಗಿ ಹಿಂದಿನ ಸೀಟಿನ ಮೇಲೆ ಬಿತ್ತು. ಕೊನೆಗೆ ತುಳಜಾಬಾಯಿ ದೇವರ ಮುಂದಿನ ಕರಿ ಕಂಬಳಿ ತಂದು, ಎಡಗಡೆಯ ಆ ಸಂದಿಯನ್ನೇ ಹುಡುಕಿ, ಮಡಿಸಿ ಮಡಿಸಿ ತುರುಕಿದಳು. "ಬೀರಪ್ಪನ ಕಂಬಳಿ ಇದ್ದಲ್ಲಿ ಏನೂ ಹೊರಗ ಬರಂಗಿಲ್ಲ."

ದಾರಿ ಕಟ್ಟಬೇಡಿ ಎಂದದ್ದು ಖಂಡೆಪ್ಪನಿಗೆ ನೆನಪಿತ್ತು. ಬಾಯಿ ತೆರೆದ. ಹೆಂಡತಿ ನೋಡಿದಳು. ಬಾಯಿ ಮುಚ್ಚಿದ.

ಮಾಣಿಕಪ್ಪ "ನಾ ಲಿಂಗ ಕಟ್ಟಿದಾಂವ, ನನಗ್ಯಾವ ಗಾಳಿ?" ಎಂದು ಬಾಗಿಲ ಹಿಡಿಕೆಗೆ ಕೈ ಹಾಕಿದ. ಕೈ ಹೋಯಿತು, ತಿರುಗಿ ಬಂತು. ಮತ್ತೆ ಹೋಯಿತು. ಖಂಡೆಪ್ಪನ ಜೀವ ಆ ಕೈಯ ಜೊತೆ ಹೋಗಿ ಬಂದು ಮಾಡುತ್ತಿತ್ತು.

"ಕಾಕಾ, ಏನೂ ಇಲ್ಲರೀ. ನಾನೇ ದಿನಾ ಕುಂದ್ರತೀನಲ್ಲ. ನನಗೇನಾಗ್ಯದ?"

"ನಿನಗ ಮೊದಲಿಂದಲೂ ಏನಾಗ್ಯದೋ ಯಾರಿಗಿ ಗೊತ್ತು?" ಎಂದಳು ಗುರುಬಾಯಿ. ಸೆರಗು ಸುತ್ತಿಕೊಂಡು ತಾನೇ ಬಾಗಿಲು ತೆಗೆದಳು. "ನಾ ಬರ್ತೀನಿ. ಗಾಳಿ ಜೋಡಿ ನಾ ಮಾತಾಡ್ತೀನಿ. ನೀವು ಸುಮ್ಮ ಕುಂದ್ರ್ರಿ." ಆಕೆ ಹುಟ್ಟಿದಾರಭ್ಯ ಕಾರಿನಲ್ಲಿ ಕೂತವಳಲ್ಲ. ಗಾಳಿಯ ಭಯ ಒಂದು ಕಡೆ, ಮೆತ್ತನೆಯ ಸೀಟಿನ ಆಸೆ ಇನ್ನೊಂದು ಕಡೆ. ಆಸೆಯೇ ಗೆದ್ದಿತು.

ಹೀಗೆ ಮುಂದೆ ಮಾಣಿಕಪ್ಪ, ಹಿಂದೆ ಎಡಕ್ಕೆ ಪ್ರಯಾಗಬಾಯಿ, ಬಲಕ್ಕೆ ಗುರುಬಾಯಿ. ಲಿಂಬೆಹಣ್ಣು ಪಚ್ ಎಂದು ಒಡೆದವು. ಬೇರೆ ಸಪ್ಪಳವೇ ಇಲ್ಲದೆ ಗಾಡಿ ಹೊರಟಿತು. ನಾಯಿಗಳು ನೋಡುತ್ತ ನಿಂತವು.

ಊರ ಹೊರಗೆ ಎರಡೂ ಬದಿ ಕಬ್ಬು. ಕಬ್ಬಿನ ಗರಿ ಒಂದಕ್ಕೊಂದು ಉಜ್ಜುವುದು ಗಾಡಿಯೊಳಗೆ ಪಿಸುಮಾತಿನ ಹಾಗೆ ಕೇಳಿಸುತ್ತಿತ್ತು. ಉಮರ್ಗಾದ ಪೇಟೆಯ ಗದ್ದಲದಲ್ಲಿ ಎಲ್ಲರಿಗೂ ಸ್ವಲ್ಪ ಧೈರ್ಯ ಬಂತು. ಹೆದ್ದಾರಿ ಬಿಟ್ಟು ನಿಲಂಗಾದ ದಾರಿ ಹಿಡಿದಾಗ ಮಾತು ನಿಂತಿತು. ಮಾತು ನಿಂತಾಗ ಅದು ಶುರುವಾಯಿತು.

ಹೂಂ... ಹೂಂ...

"ಗುರುಬಾಯಿ," ಎಂದಳು ಪ್ರಯಾಗಬಾಯಿ ಮೆಲ್ಲಗೆ, "ನನ್ನ ಎಡಕ್ಕ ಯಾರ ಕುಂತಾರ?"

"ನಿನ್ನ ಎಡಕ್ಕ ಬಾಗಲ ಅದ ತಂಗಿ."

"ಬಾಗಲ ಉಸರಾಡ್ತದೇನು?"

ಗಾಳಿಯ ಜೊತೆ ಮಾತಾಡಲು ಬಂದ ಗುರುಬಾಯಿ ಬಲಗಡೆಯ ಬಾಗಿಲಿಗೆ ಅಂಟಿಕೊಂಡು ಬೀರಪ್ಪನ ಹೆಸರು ಬಿಟ್ಟು ಬೇರೆ ಮಾತಾಡಲಿಲ್ಲ. ಕಂಬಳಿಯ ಕೆಳಗಿನ ಉಸಿರು ಏರುತ್ತ ಹೋಯಿತು. ಮೊದಲು ನಿದ್ದೆಯ ಉಸಿರು, ಆಮೇಲೆ ಓಡಿ ಬಂದವನ ಉಸಿರು, ಆಮೇಲೆ ಯಾರೋ ಬಾಯಿ ಒತ್ತಿ ಹಿಡಿದವನ ಉಸಿರು. ಮಾಣಿಕಪ್ಪ ಹಿಂದೆ ತಿರುಗದೆ, ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, "ಖಂಡೆಪ್ಪಾ, ರೇಡಿಯೋ ಹಚ್ಚು" ಎಂದ.

"ರೇಡಿಯೋ ಕೆಟ್ಟದರೀ ಕಾಕಾ."

"ಹಂಗಾದ್ರ ನೀನೇ ಏನರ ಒದರು!"

ನಿಲಂಗಾದಲ್ಲಿ ಚಹಾಕ್ಕೆ ನಿಲ್ಲಿಸಿದರು. ಪ್ರಯಾಗಬಾಯಿಯನ್ನು ಇಳಿಸಿ ಹತ್ತಿಸುವುದು ಕಷ್ಟವೆಂದು ಆಕೆಯನ್ನು ಗಾಡಿಯಲ್ಲೇ ಬಿಟ್ಟರು. ಖಂಡೆಪ್ಪ ಮತ್ತೆ ಬಂದ್ ಮಾಡುವುದನ್ನು ಮರೆತಿದ್ದ. ಅಂಗಡಿಯವನು ಕಪ್ಪು-ಬಸಿಯಲ್ಲಿ ಚಹಾ ಹಿಡಿದು ಗಾಡಿಯ ಹತ್ತಿರ ಬಂದ. ಒಳಗೆ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿದ ಮುದುಕಿ ಒಬ್ಬಳೇ, ಎಡಕ್ಕೆ ಮುಖ ಮಾಡಿ, ಯಾರಿಗೋ ಮೆಲ್ಲಗೆ "ಸರಕೋ, ಸರಕೋ" ಎನ್ನುತ್ತಿದ್ದಳು. ಅದೇ ಹೊತ್ತಿಗೆ ಇಂಜಿನ್ ಗುರ್ ಎಂದು ತಾನೇ ಎದ್ದಿತು. ಬಸಿ ಅವನ ಕೈಯಿಂದ ಜಾರಿತು.

"ಅಹೋ, ಗಾಡೀತ ಕೋಣ್ ಆಹೆ?" ಎಂದು ಮರಾಠಿಯಲ್ಲಿ ಕಿರುಚಿದ. ಗಾಡಿಯಲ್ಲಿ ಯಾರಿದ್ದಾರೆ ಎಂದು ಅವನು ಕೇಳಿದ್ದು. ಗುರುಬಾಯಿಗೆ ಮರಾಠಿ ಗೊತ್ತಿರಲಿಲ್ಲವೆಂದಲ್ಲ. ತವರು ಜಳಕೋಟದ ಕಡೆಯದು, ಮರಾಠಿಯಲ್ಲಿ ಜಗಳವಾಡಿಯೇ ಬೆಳೆದವಳು. ಆದರೆ ಅಪಶಕುನ ಭಾಷೆ ನೋಡಿ ಬರುವುದಿಲ್ಲ.

"ಕೋಣ ಅಂದ!" ಆಕೆ ಎದೆ ಬಡಿದುಕೊಂಡಳು. "ಗಾಡಿಯಾಗ ಕೋಣ ಅಂದ! ಯಾರ ವಾಹನ ಅದು? ಯಮಧರ್ಮಂದು! ಇಂಥ ಮಾತು ಮಂದಿ ಬಾಯಾಗ ಸುಮ್ಮ ಬರಂಗಿಲ್ಲ ಮಾಣಿಕಪ್ಪಾ!"

"ಖಂಡೆಪ್ಪಾ, ಇಲ್ಲಿಂದ ಉದಗೀರಕ್ಕ ಬಸ್ ಯಾವಾಗ ಅದ?" ಎಂದ ಮಾಣಿಕಪ್ಪ.

ಖಂಡೆಪ್ಪನ ಕಣ್ಣಿಗೆ ಅಣ್ಣನ ಕುರಿ ಹಿಂಡು ಕಾಣಿಸಿತು. ಬಾಲ ಅಲ್ಲಾಡಿಸುತ್ತ ಕರೆಯುತ್ತಿತ್ತು. "ಕಾಕಾ, ನಿಮ್ಮ ಕಾಲ ಬೀಳ್ತೀನಿ. ಉದಗೀರ ಮುಟ್ಟೂಮಟ ಕುಂದ್ರ್ರಿ. ಮೆಕ್ಯಾನಿಕ್ ಏನಿಲ್ಲ ಅಂದ್ರ ತಿರುಗಿ ಬರೂಮುಂದ ಕುಂದ್ರ್ರಿ. ಅಂವಾ ಏನರ ಅದ ಅಂದ್ರ, ನಾನೇ ನಿಮಗ ಬಸ್ ಹತ್ತಸ್ತೀನಿ."

ಮಾಣಿಕಪ್ಪ ಕೂತ. ಕೂತದ್ದು ಧೈರ್ಯದಿಂದಲ್ಲ, ಬಸ್ಸು ಆಗಷ್ಟೇ ಹೋಗಿತ್ತು.

ಊರು ದಾಟುತ್ತಿದ್ದಂತೆ ಖಂಡೆಪ್ಪನ ಮುಂದೆ ಕೆಂಪು ದೀಪ ಹತ್ತಿತು. ಗಾಡಿಯ ಶಕ್ತಿ ಇಳಿಯಿತು. ಎಷ್ಟು ಒತ್ತಿದರೂ ಎತ್ತಿನ ಬಂಡಿಯ ಓಟ. ಹಿಂದೆ ಆ ಉಸಿರು ಹಲ್ಲು ಕಡಿಯುವ ಹಾಗೆ ಕೇಳುತ್ತಿತ್ತು. ಸೈಕಲ್ಲಿನವನೊಬ್ಬ ಮಗ್ಗುಲಲ್ಲಿ ದಾಟಿ ಹೋಗುವಾಗ ಒಳಗೆ ನೋಡಿದ. ನಾಲ್ಕೂ ಮಂದಿ ಅಲ್ಲಾಡದೆ, ಮಾತಾಡದೆ, ಸಪ್ಪಳವಿಲ್ಲದ ಬಿಳಿ ಗಾಡಿಯಲ್ಲಿ ತೇಲಿ ಬರುತ್ತಿದ್ದರು. ಅವನು ಹಾದಿ ಬಿಟ್ಟು ಹೊಲಕ್ಕಿಳಿದ.

ಉದಗೀರ ಮುಟ್ಟಿದಾಗ ಹೊತ್ತು ನೆತ್ತಿ ದಾಟಿತ್ತು. ಮಾಣಿಕಪ್ಪ ಹೆಂಡತಿಯನ್ನು ಕರೆದುಕೊಂಡು ದವಾಖಾನೆಗೆ ಹೋದ. ಗುರುಬಾಯಿ ಮಾತ್ರ ಗ್ಯಾರೇಜಿನಲ್ಲೇ ಉಳಿದಳು. ಏನು ಹೊರಗೆ ಬರುತ್ತದೆಂದು ನೋಡದೆ ಊರಿಗೆ ಹೋದರೆ ಆಕೆ ಏನು ಹೇಳಬೇಕು?

ರವಿಕಾಂತ ದಪ್ಪನೆಯ ಮನುಷ್ಯ, ಬಾಯಿ ತುಂಬ ಎಲೆಯಡಿಕೆ, ಕೇಳುವವರು ಸಿಕ್ಕರೆ ಕೈಗಿಂತ ನಾಲಗೆ ಹೆಚ್ಚು ಓಡುತ್ತಿತ್ತು. ಕಂಬಳಿ ಕಿತ್ತು ಬಿಸಾಕಿದ. ಸೀಟಿನ ಬದಿಯ ಜಾಳಿಗೆ ಬಿಚ್ಚಿ ಒಳಗೆ ಕೈ ಹಾಕಿದ. ಮೊಣಕೈವರೆಗೂ ಹೋಯಿತು. ಏನನ್ನೋ ಹಿಡಿದು ಎಳೆಯತೊಡಗಿದ. ಎಳೆದಷ್ಟೂ ಬರುತ್ತಿತ್ತು. ಕರ್ರಗೆ, ಉದ್ದಕ್ಕೆ, ಅಲ್ಲಲ್ಲಿ ಹಳದಿ ಹತ್ತಿದ ಜಡೆ.

ಗುರುಬಾಯಿ ಹಿಂದಕ್ಕೆ ಹಾರಿ ಟಯರಿನ ರಾಶಿಯ ಮೇಲೆ ಬಿದ್ದಳು. "ಹೆಣ್ಣಿನ ಜಡಿ! ಯವ್ವಾ, ಹೆಣ್ಣಿನ ಜಡಿ!"

"ಗಂಡ ಗಾಳಿ ಅಂದಿದ್ಯಲ್ಲ ಆಯಿ?" ಎಂದ ಖಂಡೆಪ್ಪ.

"ಅದೇ ಆಕೀನ ತಿಂದದ!"

ರವಿಕಾಂತ ಜಡೆಯನ್ನು ಮೂಗಿಗೆ ಹಿಡಿದು ಮೂಸಿದ. "ಕುರಿ" ಎಂದ. "ಗಾಡಿಯಾಗ ಕುರಿ ಕುಂದ್ರಸಿದ್ರೇನ್ರಿ?"

"ಒಂದೇ ಸಲರೀ. ಅಣ್ಣನ ಕುರಿಮರಿಗಿ ಆರಾಮ ಇದ್ದಿಲ್ಲ, ಡಾಕ್ಟರಕಡಿ ಒಯ್ದಿದ್ದೆ."

"ಎಷ್ಟು ಮರಿ?"

"ಗಾಡಿ ಹಿಡಸೂ ಅಷ್ಟು."

ರವಿಕಾಂತ ಎಲೆಯಡಿಕೆ ಉಗುಳಿದ. "ನೋಡ್ರಿ, ಈ ಸೀಟಿನ ಕೆಳಗ ದೊಡ್ಡ ಬ್ಯಾಟರಿ ಅದ. ಓಡಿ ಓಡಿ ಮುದುಕ ಆಗ್ಯದ. ಮುದುಕಗ ಸೆಕಿ ತಡೀತದೇನು? ಅದಕ ಒಂದು ಫ್ಯಾನ್ ಇಟ್ಟಾರ, ಇಲ್ಲಿಂದ ಥಂಡ ಗಾಳಿ ಎಳ್ಕೊಂತದ. ನೀವು ಉಸರು ಅಂತೀರಲ್ಲ, ಅದು ಈ ಫ್ಯಾನ್. ನೀವು ಅದರ ಮೂಗಿನಾಗ ಕುರಿ ಕೂದಲ ತುರಕೀರಿ, ಅರಿಶಿಣ ಹಾಕೀರಿ, ಮ್ಯಾಲ ಕಂಬಳಿ ಹೊಚ್ಚೀರಿ. ನಿಮ್ಮ ಮೂಗಿಗಿ ಹಿಂಗ ಮಾಡಿದ್ರ ನೀವು ಒದರಂಗಿಲ್ಲ?"

ಆಮೇಲೆ ನಾಲಗೆ ಬಿಟ್ಟ. ಬಹಳ ಓಡಿದ ಗಾಡಿಗೆ ಇಂಜಿನ್ ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಿಸಬೇಕು, ಇಂಜಿನ್ನಿಗೆ ಒಂದು, ಬ್ಯಾಟರಿ ಕರೆಂಟಿನ ಪೆಟ್ಟಿಗೆಗೆ ಒಂದು, ಹೀಗೆ ಎರಡು ಥರದ ತಂಪು ನೀರಿರುತ್ತದೆ, ಎರಡನ್ನೂ ನೋಡಬೇಕು, ಬ್ರೇಕು ಸವೆಯುವುದಿಲ್ಲವೆಂದು ಬಿಟ್ಟರೆ ತುಕ್ಕು ಹಿಡಿಯುತ್ತದೆ, ಆ ಜಾಳಿಗೆಯನ್ನಂತೂ ತಿಂಗಳು ತಿಂಗಳು ತೊಳೆಯಬೇಕು. ಹೇಳುತ್ತ ಹೇಳುತ್ತ ಎಲ್ಲ ಬಿಚ್ಚಿದ, ಊದಿದ, ನಲ್ಲಿಯ ಕೆಳಗೆ ಹಿಡಿದ.

"ಇಷ್ಟು ಸೇವಾ ನನ್ನ ಸೊಸಿ ನನಗ ಮಾಡಿದ್ರ," ಎಂದಳು ಗುರುಬಾಯಿ ಟಯರಿನ ಮೇಲಿಂದಲೇ, "ನಾನೂ ಹೈದ್ರಾಬಾದಮಟ ಓಡ್ತಿದ್ದೆ." ಆಮೇಲೆ ಏನೋ ಕಳೆದುಕೊಂಡವಳ ಹಾಗೆ ಕೇಳಿದಳು: "ಹಂಗಾದ್ರ ತಮ್ಮಾ, ಗಾಳಿ ಅಂದ್ರ ಬರೇ ಗಾಳಿ?"

"ಬರೇ ಗಾಳಿ ಆಯಿ."

ಮಾಣಿಕಪ್ಪ ಅವಸರದಲ್ಲಿ ಬಂದ. ಪ್ರಯಾಗಬಾಯಿಯ ಪಟ್ಟಿ ಬಿಚ್ಚಿದ್ದರು. ಆಕೆ ಕರಿ ಕನ್ನಡಕದೊಳಗಿಂದ ಲೋಕವನ್ನೆಲ್ಲ ಹೊಸದಾಗಿ ನೋಡುತ್ತಿದ್ದಳು. "ಹೊತ್ತು ಮುಣಗೂದ್ರಾಗ ಮನಿ ಮುಟ್ಟಬೇಕಂತ. ಸಂಜಿ ಗಾಳಿ ಕಣ್ಣಿಗಿ ಬಡೀಬಾರದಂತ ಹೇಳ್ಯಾರ."

"ಯಾವ ಗಾಳಿ?" ಎಂದಳು ಗುರುಬಾಯಿ.

"ಬೀಸೂದು!"

ಗಡಿಬಿಡಿ ಎದ್ದಿತು. ಗುರುಬಾಯಿ ಮೆಕ್ಯಾನಿಕನಿಗೇ ಅಪ್ಪಣೆ ಕೊಡತೊಡಗಿದಳು: ಅದನ್ನ ಒತ್ತು, ಇದನ್ನ ತಿರುವು, ಅದು ಅಲ್ಲೋ, ಆ ಕಡೀದು. ಮಾಣಿಕಪ್ಪ ಸೂರ್ಯನನ್ನು ತೋರಿಸಿ ತೋರಿಸಿ ಬೈದ. ಖಂಡೆಪ್ಪ ಸೀಟು ಹಿಡಿದ, ರವಿಕಾಂತ ಜಾಳಿಗೆ ಒತ್ತಿದ, ನಾಲ್ಕು ಕೈ ಕೂಡಿ ಹಿಂದಿನದೆಲ್ಲ ಮುಚ್ಚಿ ಭದ್ರ ಮಾಡಿದವು. ಕೆಂಪು ದೀಪ ಹೋಗಿತ್ತು. ಕಂಬಳಿ ಡಿಕ್ಕಿಗೆ ಹೋಯಿತು.

ಹಿಂದಿರುಗುವ ದಾರಿ ಹಾಲಿನ ಹಾಗೆ ಸಾಗಿತು. ಗಾಡಿ ಹಗುರಾಗಿ ಓಡಿತು. ಸ್ವಲ್ಪ ದೂರ ಹೋದ ಮೇಲೆ ಎಡಗಡೆಯಿಂದ ಉಸಿರು ಕೇಳಿಸಿತು. ಈಗ ಎಷ್ಟು ಸಣ್ಣಗೆ, ಎಷ್ಟು ಸಮಾಧಾನವಾಗಿ!

"ಮಲಗಿದ ಕೂಸಿನಂಗ ಆಡ್ಲಿಕತ್ತದ ನೋಡ್ರಿ," ಎಂದಳು ಪ್ರಯಾಗಬಾಯಿ.

"ಮೂಗು ಸ್ವಚ್ಛ ಆಯ್ತಲ್ಲ," ಎಂದಳು ಗುರುಬಾಯಿ ಗರ್ವದಿಂದ. "ಅದು ಫ್ಯಾನ್ ತಂಗಿ. ಅಂಜಬ್ಯಾಡ. ಕೈ ಇಟ್ಟು ನೋಡು, ಹೆಂಗ ಥಂಡ ಹತ್ತತದ."

ಪ್ರಯಾಗಬಾಯಿ ಕೈ ಇಟ್ಟಳು. "ಹೌದವಾ, ಥಂಡ ಅದ" ಎಂದಳು. ಆಕೆ ಕೆಮ್ಮಿದಾಗ ಉಸಿರು ಒಂದು ಚಣ ನಿಂತು, ಮತ್ತೆ ಶುರುವಾಯಿತು. ನಿಲಂಗಾದಲ್ಲಿ ಚಹಾದವನ ಒಡೆದ ಬಸಿಯ ಲೆಕ್ಕ ಮುಗಿಸಲು ಇಳಿದರು. ಈ ಸಲ ಖಂಡೆಪ್ಪ ನೆನಪಿಟ್ಟು ಗುಂಡಿ ಒತ್ತಿದ, ದೀಪಗಳೆಲ್ಲ ಆರಿದ್ದು ನೋಡಿದ, ಕೀಲಿ ಕಿಸೆಗೆ ಹಾಕಿದ. ಖಾಲಿ ಗಾಡಿಯ ಹಿಂದಿನ ಸೀಟಿನಿಂದ ಉಸಿರು ಬರುತ್ತಲೇ ಇತ್ತು. "ದಣದದ, ಪಾಪ" ಎಂದು ಬಾಗಿಲು ತಟ್ಟಿದ.

ಊರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಮಾಣಿಕಪ್ಪ ಇಳಿದವನೇ ಕಟ್ಟೆಯ ಮೇಲೆ ಕೂತು, "ಗಾಡಿ ಅಂದ್ರ ಇದು! ಹೊಟ್ಟಿಯಾಗಿನ ನೀರು ಅಲ್ಲಾಡಲಿಲ್ಲ" ಎಂದು ಘೋಷಿಸಿದ. ಓಣಿಯೆಲ್ಲ ಸೇರಿತು. ಗುರುಬಾಯಿ ನಡುವೆ ನಿಂತು ಬ್ಯಾಟರಿ, ಮೂಗು, ಎರಡು ಥರದ ನೀರು ಎಲ್ಲವನ್ನೂ ಹೇಳಿದಳು. ರವಿಕಾಂತನಿಗೆ ಗೊತ್ತಿಲ್ಲದ್ದನ್ನೂ ಹೇಳಿದಳು. ಹೆಣ್ಣುಮಕ್ಕಳು ಸರದಿಯಲ್ಲಿ ಜಾಳಿಗೆಗೆ ಕೈ ಹಿಡಿದು, ತಣ್ಣಗೆ ಉಸಿರು ಹತ್ತಿದಾಗ ಖಿಲ್ಲೆಂದು ನಕ್ಕರು. ನಾಳೆ ತುಳಜಾಪುರಕ್ಕೆ ಒಬ್ಬರು, ನಾಡಿದ್ದು ಕಲಬುರಗಿಗೆ ಒಬ್ಬರು, ಲಗ್ನಕ್ಕೆ, ದವಾಖಾನೆಗೆ, ಮಗಳ ಮನೆಗೆ. ತುಳಜಾಬಾಯಿ ಗಂಡನ ಕಡೆ ನೋಡಿದ ನೋಟ ಲಗ್ನವಾದ ಹೊಸದರಲ್ಲಿ ನೋಡಿದ್ದು.

ಆಗ ಫೋನು ಬಂತು. ಗದ್ದಲದಲ್ಲಿ ಕೇಳುವುದಿಲ್ಲವೆಂದು ಖಂಡೆಪ್ಪ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡ.

"ಖಂಡೆಪ್ಪನವರ, ಎಲ್ಲಿದ್ದೀರಿ?" ರವಿಕಾಂತನ ಧ್ವನಿಯಲ್ಲಿ ಗಾಬರಿ ಇತ್ತು. "ಗಾಡಿ ಎಲ್ಯರ ನಿಂತದೇನು?"

"ಎಲ್ಲಿ ನಿಲ್ತದರೀ! ಮನಿ ಮುಟ್ಟೇವಿ. ನಿಮ್ಮ ಕೈಗಿ ಬಂಗಾರದ ಕಡಗ ಹಾಕಬೇಕು. ಫ್ಯಾನ್ ಹೆಂಗ ತಿರಗ್ಲಿಕತ್ತದ, ನೀವೇ ಕೇಳ್ರಿ." ಫೋನನ್ನು ಜಾಳಿಗೆಯ ಹತ್ತಿರ ಹಿಡಿದ.

ಆ ಕಡೆ ಕಬ್ಬಿಣ ಬಡಿಯುತ್ತಿದ್ದವರನ್ನು ರವಿಕಾಂತ ನಿಲ್ಲಿಸಿದ.

"ಖಂಡೆಪ್ಪನವರ," ರವಿಕಾಂತ ಮೆಲ್ಲಗೆ ಕೇಳಿದ, "ಅಲ್ಲಿ ಯಾರರ ಮಲಗ್ಯಾರೇನ್ರಿ?"

"ಇಲ್ಲರೀ, ಅದು ಫ್ಯಾನ್..."

"ಫ್ಯಾನ್ ನನ್ನ ಕೈಯಾಗ ಅದ. ತೊಳದು ಬಿಸಲಿಗಿ ಇಟ್ಟಿದ್ದೆ. ನಿಮ್ಮ ಆಯಿ ಗಡಿಬಿಡಿಯಾಗ ಹಾಕೂದೇ ಮರ್ತೆ. ಅದನ್ನ ಹೇಳಬೇಕಂತೇ ಫೋನ್ ಹಚ್ಚೀನಿ."

ಖಂಡೆಪ್ಪ ಅಲ್ಲಾಡಲಿಲ್ಲ. ಕೀಲಿ ಕಿಸೆಯಲ್ಲಿತ್ತು. ದೀಪಗಳೆಲ್ಲ ಆರಿದ್ದವು. ಅವನ ಎಡ ಮೊಣಕೈಗೆ ತಣ್ಣಗೆ ಒಂದು ಉಸಿರು ಹತ್ತಿತು, ನಿಂತಿತು, ಮತ್ತೆ ಹತ್ತಿತು.

ಬಾಗಿಲು ಯಾವಾಗ ತೆರೆದನೋ, ಅಂಗಳಕ್ಕೆ ಯಾವಾಗ ಬಿದ್ದನೋ ಅವನಿಗೇ ಗೊತ್ತಾಗಲಿಲ್ಲ. "ದೂರ ಸರೀರಿ! ದೂರ ಸರೀರಿ! ಫ್ಯಾನ್ ಉದಗೀರದಾಗ ಅದ! ಇದು ಫ್ಯಾನ್ ಅಲ್ಲ!"

ಗುರುಬಾಯಿ ನಕ್ಕಳು.

"ಹುಚ್ಚಪ್ಪ, ಎರಡು ಇರ್ತಾವ. ಕಣ್ಣ ಎರಡು, ಕಿವಿ ಎರಡು, ಮೂಗಿನ ತೂತು ಎರಡು. ಒಂದು ಅಲ್ಲಿ ಉಳಿದದ, ಒಂದು ಇಲ್ಲಿ ಅದ. ಗಾಳಿ ಅಂದ್ರ ಬರೇ ಗಾಳಿ ಅಂತ ಮೆಕ್ಯಾನಿಕ್ಕೇ ಹೇಳ್ಯಾನಲ್ಲ!"

"ಬೀರಪ್ಪನಾಣಿ ಆಯಿ, ಗಾಡಿ ಬಂದ್ ಅದ! ಕೀಲಿ ನೋಡು!"

"ಮುಂಜಾನಿ ನಮಗ ಧೈರ್ಯ ಹೇಳಿದಾಂವ ಇಂವಾನೇ ಏನು?" ಎಂದ ಮಾಣಿಕಪ್ಪ ಕಟ್ಟೆಯಿಂದ. ಎಲ್ಲರೂ ನಕ್ಕರು. ಧೈರ್ಯ ತೋರಿಸಲೆಂದೇ ಜನ ಗಾಡಿಗೆ ಹತ್ತತೊಡಗಿದರು. ಮುರುಮದವರೆಗೆ ಒಂದು ಸುತ್ತು ಹಾಕಿಸಬೇಕಂತೆ. ಗುರುಬಾಯಿ ಕಿಟಕಿಯಿಂದ ಕೈ ಹೊರಹಾಕಿ, "ಬಾರೋ ಖಂಡ್ಯಾ, ಹತ್ತು! ಡ್ರೈವರ್ ಇಲ್ದ ಗಾಡಿ ಹೆಂಗ ಓಡ್ತದ?" ಎಂದು ಕರೆಯುತ್ತಿದ್ದಳು. ತುಳಜಾಬಾಯಿ ಅವನ ಬೆನ್ನಿಗೆ ಕೈ ಕೊಟ್ಟು ನೂಕುತ್ತಿದ್ದಳು. ಬೆಳಿಗ್ಗೆ ಖಂಡೆಪ್ಪನೊಬ್ಬನನ್ನು ಬಿಟ್ಟು ಯಾರೂ ಕೂರಲೊಲ್ಲದ ಗಾಡಿಯಲ್ಲಿ ಈಗ ಖಂಡೆಪ್ಪನೊಬ್ಬನನ್ನು ಬಿಟ್ಟು ಎಲ್ಲರೂ ಕೂತಿದ್ದರು.

ಅವನು ಕೀಲಿಯನ್ನು ಹೆಂಡತಿಯ ಅಂಗೈಯಲ್ಲಿಟ್ಟ. ಹಿಂದೆ ನೋಡದೆ ಓಣಿ ದಾಟಿ ನಡೆದ. ಊರ ಹೊರಗೆ ಅಣ್ಣ ಶಿವಾಜಿ ಸಂಜೆಯ ಧೂಳಿನಲ್ಲಿ ಹಿಂಡು ಹೊಡೆದುಕೊಂಡು ಬರುತ್ತಿದ್ದ. ಖಂಡೆಪ್ಪ ಏನೂ ಹೇಳದೆ ಕೊನೆಯ ಕುರಿಯ ಹಿಂದೆ ಕೂಡಿಕೊಂಡ. ಅಲ್ಲಿ ಎಷ್ಟೊಂದು ಸಪ್ಪಳವಿತ್ತು. ಅವನ ಎದೆ ಸ್ವಲ್ಪ ಸ್ವಸ್ಥವಾಯಿತು.

ಶಿವಾಜಿ ತಮ್ಮನ ಮುಖ ನೋಡಿದ, ಬರಿಗಾಲು ನೋಡಿದ. "ಯಾಕೋ, ನಡಕೊಂತ ಬಂದಿ? ಇವತ್ತೂ ಗಾಡಿಗಿ ಯಾರೂ ಹತ್ತಲಿಲ್ಲೇನು?"

"ಹತ್ಯಾರ ಅಣ್ಣಾ," ಎಂದ ಖಂಡೆಪ್ಪ. "ಗಾಡಿ ತುಂಬ್ಯದ. ನನಗೇ ಜಾಗಾ ಇಲ್ಲ."